ಬೆಳಗಾವಿ–ಖಾನಾಪುರಗಳ ಮಳೆಯ ಲೆಕ್ಕ: ಗಣಕದ ಕಡತವೊಂದರ ಆಕರ ವಿಮರ್ಶೆ

ಬೆಳಗಾವಿ ನಗರದಿಂದ ದಕ್ಷಿಣಕ್ಕೆ ಸುಮಾರು ೨೬ ಕಿಲೋಮೀಟರು ದೂರದಲ್ಲಿ ಖಾನಾಪುರವಿದೆ. ದೂರವು ಅಲ್ಪವಾದರೂ ಮಳೆಯ ಭೇದವು ಅಲ್ಪವಲ್ಲ. ಸಹ್ಯಾದ್ರಿಯ ಕಡೆಗೆ ಸರಿದಂತೆಲ್ಲ ಮಳೆಯು ಹೆಚ್ಚುತ್ತ ಹೋಗಿ, ಮಲಪ್ರಭೆಯು ಹುಟ್ಟುವ ಕಣಕುಂಬಿಯ ಪ್ರದೇಶದಲ್ಲಿ ಅತ್ಯಧಿಕವಾಗುತ್ತದೆ. ಈ ಸೀಮೆಯ ಬೇಸಾಯ ಮತ್ತು ಬರಗಾಲಗಳ ಇತಿಹಾಸವನ್ನು ಬರೆಯಹೊರಡುವವರಿಗೆ ಮಳೆಯ ಲೆಕ್ಕವು ಮುಖ್ಯವಾದ ಆಕರ. ಅದೀಗ ಗಣಕದ ಕಡತಗಳಲ್ಲಿಯೂ ದೊರೆಯುತ್ತಿದೆ. ಶಾಸನವನ್ನು ಓದುವವನು ಲಿಪಿಯನ್ನು ಅರಿತಿರಬೇಕಾದಂತೆ, ಇದನ್ನು ಓದುವವನು ಇದರ ರಚನೆಯನ್ನು ಅರಿತಿರಬೇಕು. ಆ ರಚನೆಯನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಭಾರತದ ಹವಾಮಾನ ಇಲಾಖೆಯು ೧೮೭೫ರಲ್ಲಿ ಸ್ಥಾಪಿತವಾಯಿತು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಮಳೆಮಾಪಕದ ನೀರನ್ನು ಅಳೆದು ದಿನಕ್ಕೊಂದು ಅಂಕಿಯನ್ನು ವಹಿಯಲ್ಲಿ ಬರೆಯುವುದು ಮೂಲ ಪದ್ಧತಿ. ಮೊದಲು ಅಂಗುಲ–ಸೆಂಟುಗಳಲ್ಲಿದ್ದ ಈ ಲೆಕ್ಕವು ತರುವಾಯ ಮಿಲಿಮೀಟರಿಗೆ ಮಾರ್ಪಟ್ಟಿತು.

ಡಿ. ಎಸ್. ಪೈ ಮತ್ತು ಅವರ ಸಹೋದ್ಯೋಗಿಗಳು ೧೯೦೧ರಿಂದೀಚಿನ ಇಂತಹ ಲೆಕ್ಕಗಳನ್ನು ಒಗ್ಗೂಡಿಸಿ ಸಿದ್ಧಪಡಿಸಿದ ದೈನಿಕ ಮಳೆಯ ಚೌಕಜಾಲವನ್ನು ೨೦೧೪ರಲ್ಲಿ 'ಮೌಸಂ' ಪತ್ರಿಕೆಯಲ್ಲಿ ವಿವರಿಸಿದರು. ೬,೯೫೫ ಮಳೆಮಾಪಕ ಕೇಂದ್ರಗಳ ದಾಖಲೆಗಳು ಇದಕ್ಕೆ ಆಧಾರ. ಜಾಲದ ಬಿಂದುಗಳು ಅಕ್ಷಾಂಶ ರೇಖಾಂಶಗಳೆರಡರಲ್ಲಿಯೂ ಕಾಲು ಡಿಗ್ರಿಯ ಅಂತರದಲ್ಲಿವೆ. ಅಡ್ಡಲಾಗಿ ೧೩೫, ಉದ್ದಕ್ಕೆ ೧೨೯, ಒಟ್ಟು ೧೭,೪೧೫. ಪ್ರತಿಯೊಂದು ಬಿಂದುವಿನ ಅಂಕಿಯೂ ಸುತ್ತಲಿನ ಕೇಂದ್ರಗಳ ಮಳೆಗೆ, ದೂರಕ್ಕನುಗುಣವಾಗಿ ತೂಕವನ್ನಿತ್ತು ಗಣಿಸಿದುದೇ ಹೊರತು ಅಲ್ಲಿಯೇ ಅಳೆದುದಲ್ಲ.

ಈ ಅಂಕಿಗಳನ್ನು ಹೊತ್ತಿರುವ ನೆಟ್‌ಸಿಡಿಎಫ್ ಎಂಬ ಕಡತ ರೂಪವನ್ನು ಅಮೆರಿಕದ ಯುನಿಡೇಟಾ ಸಂಸ್ಥೆಯು ೧೯೮೦ರ ದಶಕದ ಕೊನೆಯಲ್ಲಿ ರೂಪಿಸಿತು. ಅಂಕಿಗಳೊಡನೆ ಅವುಗಳ ಹೆಸರು, ಮಾನ, ಸ್ಥಾನ, ದಿನಾಂಕಗಳನ್ನೂ ಕಡತದೊಳಗೇ ಇರಿಸುವುದು ಇದರ ವೈಶಿಷ್ಟ್ಯ. ೧೯೯೧ರಲ್ಲಿ ಪ್ರಕಟವಾದ ಪೈಥಾನ್ ಭಾಷೆಯಲ್ಲಿ ಅಂಕಿಗಳ ಸಾಲುಗಳನ್ನು ನಿರ್ವಹಿಸಲು ನಂಪೈ ಎಂಬ ಗ್ರಂಥಾಲಯವಿದೆ. ನಂಪೈಗೆ ಸ್ಥಾನವೆಂದರೆ ಕೇವಲ ಕ್ರಮಸಂಖ್ಯೆ. ೨೦೧೪ರಲ್ಲಿ ಹೊರಬಂದ, ಈಗ ಎಕ್ಸ್‌ಅರೇ ಎನಿಸಿಕೊಂಡಿರುವ ಗ್ರಂಥಾಲಯವಾದರೋ ಅಕ್ಷಾಂಶ, ರೇಖಾಂಶ, ದಿನಾಂಕಗಳನ್ನು ಹೇಳಿ ಅಂಕಿಯನ್ನು ಕೇಳಲು ಅವಕಾಶವೀಯುತ್ತದೆ. ಆ ಸ್ಥಾನದಲ್ಲಿ ಬಿಂದುವಿಲ್ಲದಿದ್ದರೆ, 'ನಿಯರೆಸ್ಟ್' ಎಂದು ಸೂಚಿಸಿದಾಗ ಅತಿಸಮೀಪದ ಬಿಂದುವಿನದನ್ನು ಕೊಡುತ್ತದೆ.

ಈ ಸೌಕರ್ಯದಲ್ಲಿಯೇ ಅಪಾಯವೂ ಅಡಗಿದೆ. ಬೆಳಗಾವಿಯು ಸುಮಾರು ೧೫.೮೫, ಖಾನಾಪುರವು ಸುಮಾರು ೧೫.೬೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ರೇಖಾಂಶವು ಎರಡಕ್ಕೂ ೭೪.೫ರ ಆಸುಪಾಸು. ಜಾಲದಲ್ಲಿ ಈ ಭಾಗದ ಅಕ್ಷಾಂಶಗಳು ೧೫.೫೦, ೧೫.೭೫, ೧೬.೦೦. ಆದುದರಿಂದ ಎರಡು ಊರುಗಳಿಗೂ ಅತಿಸಮೀಪವಾದುದು ೧೫.೭೫ರ ಒಂದೇ ಬಿಂದು! ಗಣಕವು ಯಾವ ಆಕ್ಷೇಪವನ್ನೂ ಎತ್ತದೆ ಎರಡಕ್ಕೂ ನೂರು ವರ್ಷಗಳ ಒಂದೇ ಮಳೆಯನ್ನು ಒಪ್ಪಿಸುತ್ತದೆ. ಇದನ್ನು ನಂಬಿ "ಈ ಎರಡು ಊರುಗಳ ಮಳೆಯು ಸಮಾನವಾಗಿತ್ತು" ಎಂದು ಬರೆದರೆ ಅದು ಇತಿಹಾಸವಾಗದು. ಬಿಂದುಗಳ ನಡುವಣ ಅಂಕಿಯನ್ನು ಗಣಿಸುವ ವಿಧಾನವೂ ಗ್ರಂಥಾಲಯದಲ್ಲುಂಟು. ಆದರೆ ಅದು ಬೇರೆ ಅಂಕಿಯನ್ನು ಕೊಡಬಲ್ಲುದೇ ಹೊರತು ಹೊಸ ಸಾಕ್ಷ್ಯವನ್ನಲ್ಲ.

ಇನ್ನೆರಡು ಎಚ್ಚರಿಕೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಲೆಕ್ಕವಿಲ್ಲದೆಡೆಯಲ್ಲಿ ಇಲಾಖೆಯು −೯೯೯ ಎಂಬ ಸಂಕೇತವನ್ನು ಬಳಸುತ್ತದೆ. ಕಡತದಲ್ಲಿ ಇದನ್ನು ವಿಧಿಪೂರ್ವಕವಾಗಿ ಸೂಚಿಸಿದ್ದರೆ ಎಕ್ಸ್‌ಅರೇ ಅದನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಇಲ್ಲವಾದರೆ ಓದುಗನೇ ತೆಗೆಯತಕ್ಕದ್ದು, ತೆಗೆಯದಿದ್ದರೆ ಸರಾಸರಿಯು ಕೆಡುತ್ತದೆ. ಎರಡನೆಯದಾಗಿ, ಈಗಿನ ಪದ್ಧತಿಯಂತೆ ಬೆಳಿಗ್ಗೆ ೮-೩೦ಕ್ಕೆ ಮುಗಿಯುವ ೨೪ ಗಂಟೆಗಳ ಮಳೆಯನ್ನು ಆ ದಿನದ ಲೆಕ್ಕಕ್ಕೆ ಬರೆಯುವುದರಿಂದ, ರಾತ್ರಿ ಸುರಿದ ಮಳೆಯು ಮರುದಿನದ ದಿನಾಂಕದಲ್ಲಿ ಕಾಣುತ್ತದೆ.

ಒಟ್ಟಿನಲ್ಲಿ, ಚೌಕಜಾಲವು ವಿಸ್ತಾರವಾದ ಪ್ರದೇಶದ ಮಳೆಯ ಏರಿಳಿತಗಳನ್ನರಿಯಲು ಬೆಲೆಯುಳ್ಳ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಊರಿನ ಕಥೆಗೆ ಆ ಊರಿನ ಮಾಪಕದ ವಹಿಯೇ ಮೂಲಪ್ರಮಾಣ; ಕಡತವು ಅದರಿಂದ ಹುಟ್ಟಿದ ಪಾಠ. ವಿದ್ಯಾರ್ಥಿಗಳು ಮೊದಲು ತಮಗೆ ದೊರೆತ ಬಿಂದುವಿನ ಅಕ್ಷಾಂಶ ರೇಖಾಂಶಗಳನ್ನು ಬರೆದಿಟ್ಟುಕೊಂಡು, ಅನಂತರ ಅಂಕಿಯನ್ನು ಉದ್ಧರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.