ಡೆಬಿಯನ್ ತನ್ನ ಮಾತನ್ನು ತಾನೇ ತಿದ್ದಿಕೊಂಡ ಕಥೆ

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತಾದಾಗ ಓದಿ.

ಸುಮಾರು ಹತ್ತು ವರ್ಷದ ಹಿಂದೆ ನಮ್ಮ ಸಂಘಕ್ಕೆ ಯಾರೋ ಹಳೇ ಲ್ಯಾಪ್‌ಟಾಪ್ ಒಂದನ್ನು ಕೊಟ್ಟರು. ದುಡ್ಡು ಕೊಟ್ಟು ವಿಂಡೋಸ್ ಹಾಕಿಸೋ ಶಕ್ತಿ ನಮಗಿರಲಿಲ್ಲ. ಹುಡುಗನೊಬ್ಬ ಬಂದು ಡೆಬಿಯನ್ ಹಾಕಿದ. ಎಲ್ಲಾ ಸರಿ, ವೈಫೈ ಮಾತ್ರ ಇಲ್ಲ. ಕೇಳಿದ್ರೆ, "ಅಣ್ಣ, ಅದರ ಫರ್ಮ್‌ವೇರ್ ಸ್ವತಂತ್ರ ಅಲ್ಲ, ಅದಕ್ಕೇ ಇವರು ಸೇರಿಸಲ್ಲ" ಅಂದ. ಹೊಟ್ಟೆಗಿಲ್ಲದ ತತ್ವ ಅಂತ ಬೈದುಬಿಟ್ಟೆ. ಆಮೇಲೆ ಇದರ ಚರಿತ್ರೆ ಓದಿದೆ. ಅರ್ಧ ಬೈಗುಳ ವಾಪಸ್ ತಗೊಂಡೆ.

ಡೆಬಿಯನ್ ಅಂದರೆ ಕಂಪ್ಯೂಟರ್ ನಡೆಸುವ ಆಪರೇಟಿಂಗ್ ಸಿಸ್ಟಂ. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಶುರು ಮಾಡಿದ್ದು. ಮಾಲೀಕ ಇಲ್ಲ, ಲೋಕದ ತುಂಬ ಹರಡಿರುವ ಸ್ವಯಂಸೇವಕರೇ ಎಲ್ಲ. 1997ರಲ್ಲಿ ‘ಸಾಮಾಜಿಕ ಒಪ್ಪಂದ’ ಬರೆದುಕೊಂಡರು, 1998ರಲ್ಲಿ ಸಂವಿಧಾನ. ನಾಯಕನಿಗೆ ಒಂದೇ ವರ್ಷದ ಅವಧಿ. ಮತಪತ್ರದಲ್ಲಿ ‘ಇದ್ಯಾವುದೂ ಬೇಡ’ ಅನ್ನೋ ಸಾಲೂ ಇರುತ್ತೆ. ಆ ಒಪ್ಪಂದವನ್ನು ತಿದ್ದಬೇಕಾದರೆ ಒಬ್ಬ ವಿರೋಧಿಗೆ ಮೂವರು ಪರ ನಿಲ್ಲಬೇಕು.

ಒಪ್ಪಂದದ ನಾಲ್ಕನೇ ಅಂಶ ಬಳಕೆದಾರರು ಮತ್ತು ಸ್ವತಂತ್ರ ತಂತ್ರಾಂಶ ಎರಡನ್ನೂ ಆದ್ಯತೆ ಎನ್ನುತ್ತದೆ. ಎರಡಕ್ಕೂ ಜಗಳ ಬಿದ್ದರೆ ಯಾವುದು ಮೊದಲು? ಹೇಳಿಲ್ಲ. ಮುಂದಿನ ಗಲಾಟೆಯೆಲ್ಲ ಆ ಖಾಲಿ ಜಾಗದಲ್ಲೇ ನಡೆದದ್ದು.

2004ರಲ್ಲಿ ಒಪ್ಪಂದಕ್ಕೆ ‘ಭಾಷೆಯ ತಿದ್ದುಪಡಿ’ ಅಂತ ಒಂದು ನಿರ್ಣಯ ಪಾಸಾಯಿತು. ಗುಮಾಸ್ತನಾಗಿ ಹೇಳ್ತೀನಿ, ‘ಬರೀ ಭಾಷೆ ತಿದ್ದಿದ್ದೇವೆ’ ಅಂತ ಬರೋ ಫೈಲನ್ನೇ ಎರಡು ಸಲ ಓದಬೇಕು. ಹೊಸ ಮಾತಿನ ಪ್ರಕಾರ ಕೈಪಿಡಿಯಿಂದ ಹಿಡಿದು ಫರ್ಮ್‌ವೇರ್‌ವರೆಗೆ ಎಲ್ಲವೂ ಸ್ವತಂತ್ರವಾಗಿರಬೇಕು. ಫರ್ಮ್‌ವೇರ್ ಅಂದರೆ ವೈಫೈ ಚಿಪ್ಪಿನಂಥ ಭಾಗದೊಳಗೆ ಓಡುವ ಪ್ರೋಗ್ರಾಂ. ಎಷ್ಟೋ ಕಂಪನಿಗಳು ಅದರ ಮೂಲ ಕೋಡನ್ನು ಕೊಡೋದೇ ಇಲ್ಲ. ಹೀಗಾದರೆ ಹೊಸ ಆವೃತ್ತಿ ಬಿಡುಗಡೆಯಾಗಲ್ಲ ಅಂತ ಗೊತ್ತಾಯಿತು. ಅದೇ ವರ್ಷ ಮತ್ತೆ ಮತ ಹಾಕಿ, ತಿದ್ದುಪಡಿಯ ಜಾರಿಯನ್ನು ಮುಂದೂಡಿದರು. ಆ ಆವೃತ್ತಿ, 3.1, ಹೊರಬಂದಿದ್ದು 2005ರ ಜೂನ್‌ನಲ್ಲಿ. 2006, 2008ರಲ್ಲೂ ಇದೇ ವಿಷಯಕ್ಕೆ ಮತದಾನ, ಮತ್ತೆ ವಿನಾಯಿತಿ. ಕೊನೆಗೆ 2011ರ ಫೆಬ್ರವರಿಯ 6.0 ಆವೃತ್ತಿಯಲ್ಲಿ ಕರ್ನಲ್‌ನಿಂದ ಅಂಥ ಫರ್ಮ್‌ವೇರ್ ತೆಗೆದರು. ಅದಿರುವ ಪ್ರತಿ ಬೇರೆ ಕಡೆ ಸಿಗುತ್ತಿತ್ತು, ಆದರೆ ಅನಧಿಕೃತ. ಗೊತ್ತಿದ್ದವರಿಗಷ್ಟೇ ದಾರಿ.

ನಮ್ಮ ಲ್ಯಾಪ್‌ಟಾಪ್ ಸಿಕ್ಕಿಬಿದ್ದದ್ದು ಇಲ್ಲೇ.

2022ರಲ್ಲಿ ಮತ್ತೆ ಮತಕ್ಕೆ ಹಾಕಿದರು. ಎರಡು ಪ್ರತಿ ಇಟ್ಟು ಆಯ್ಕೆಯನ್ನು ಜನಕ್ಕೆ ಬಿಡೋಣ ಅನ್ನೋ ಪ್ರಸ್ತಾವವೂ ಇತ್ತು. ಗೆದ್ದದ್ದು ಬೇರೆ: ಒಪ್ಪಂದವನ್ನೇ ತಿದ್ದಿ, ಒಂದೇ ಅಧಿಕೃತ ಪ್ರತಿಯಲ್ಲಿ ಫರ್ಮ್‌ವೇರ್ ಸೇರಿಸೋದು. 2023ರ ಜೂನ್ 10ರಂದು ಬಂದ 12ನೇ ಆವೃತ್ತಿಯಿಂದ ಅದು ಜಾರಿಗೆ ಬಂತು. ಸ್ವತಂತ್ರ ಅಲ್ಲದ್ದನ್ನು ಸ್ವತಂತ್ರ ಅಂತ ಕರೆಯಲಿಲ್ಲ, ಬೇರೆ ಹೆಸರಿನ ವಿಭಾಗದಲ್ಲೇ ಇಟ್ಟರು.

ವಾಪಸ್ ತಗೊಂಡ ಅರ್ಧ ಬೈಗುಳ ಇದಕ್ಕೆ. ತತ್ವ ಬಗ್ಗಿಸಬೇಕಾದಾಗ ಯಾರದೋ ಮನೆ ಜಗಲಿ ಮೇಲೆ ರಾತ್ರಿ ಕೂತು ಬಗ್ಗಿಸಲಿಲ್ಲ. ಎಲ್ಲರೆದುರು ವಾದ ಮಾಡಿ, ಮತ ಹಾಕಿ, ತಿದ್ದಿದ್ದನ್ನು ಬರೆದಿಟ್ಟರು. ನಮ್ಮ ಸಂಘಗಳಲ್ಲಿ ಎಷ್ಟು ನಿರ್ಧಾರಕ್ಕೆ ನಡಾವಳಿ ಪುಸ್ತಕದಲ್ಲಿ ಒಂದು ಸಾಲಾದರೂ ಇದೆ, ನಾವೇ ಕೇಳ್ಕೋಬೇಕು.

ಉಳಿಸಿಕೊಂಡ ಅರ್ಧ ಬೈಗುಳ ಇದಕ್ಕೆ. ಅಲ್ಲಿ ಮತ ಇರೋದು ಕೆಲಸ ಮಾಡೋ ಸದಸ್ಯರಿಗೆ ಮಾತ್ರ. ಹಳೇ ಲ್ಯಾಪ್‌ಟಾಪ್ ಹಿಡಿದು ಕೂತವನಿಗಿಲ್ಲ. ಒಳಗಿನವರು ಕಾಪಾಡಿದ ಶುದ್ಧತೆಗೆ ಹನ್ನೆರಡು ವರ್ಷ ಬೆಲೆ ತೆತ್ತದ್ದು ಹೊರಗೆ ನಿಂತವರು. ನಮಗೇನು ಇದು ಹೊಸ ಪಾಠ ಅಲ್ಲ. ಆದರೆ ನಾವು ಕಟ್ಟೋ ಸಂಘದ ಬೈಲಾ ಬರೆಯುವಾಗ, ಕೋಣೆಯಲ್ಲಿ ಇಲ್ಲದವರಿಗೆ ಒಂದು ಕುರ್ಚಿ ಹಾಕಿಟ್ಟಿದ್ದೀವಾ?