ಬಿಡಿ ಬರಹದಿಂದ ಇಡೀ ಕರಡಿಗೆ

ಟಿಪ್ಪಣಿ ತಂತ್ರಾಂಶಗಳ ಬಗ್ಗೆ ಈಚೆಗೆ ಬರುವ ಬರಹಗಳಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಅವರ ಹೆಸರು ತಪ್ಪುವುದೇ ಇಲ್ಲ. ಅವರು ಕೂಡಿಟ್ಟ ಸುಮಾರು 90,000 ಚೀಟಿಗಳನ್ನು ಎಲ್ಲರೂ ಕೊಂಡಾಡುತ್ತಾರೆ. ಆ ಚೀಟಿಗಳನ್ನಿಟ್ಟುಕೊಂಡು ಅವರು ಪುಸ್ತಕದ ಮೇಲೆ ಪುಸ್ತಕ ಬರೆದು ಮುಗಿಸಿದರೆಂಬ ಮಾತು ಮಾತ್ರ ಹಿಂದೆ ಸರಿಯುತ್ತದೆ. ಚೂರುಚೂರಾಗಿ ಬರೆದದ್ದನ್ನು ಕೂಡಿಡುವುದು ಸುಲಭ. ಅದಕ್ಕೊಂದು ಕ್ರಮ ಕೊಡುವುದೇ ಕಷ್ಟ. ಈ ಕ್ಷೇತ್ರದ ಒಳ್ಳೆಯ ಸಾಧನಗಳೆಲ್ಲ ಹುಟ್ಟಿದ್ದು ಈ ಕಷ್ಟದಿಂದಲೇ.

1945ರಲ್ಲಿ ಅಮೆರಿಕದ ಎಂಜಿನಿಯರ್ ವ್ಯಾನೆವರ್ ಬುಷ್, ಓದಿದ್ದನ್ನೆಲ್ಲ ಕೂಡಿಟ್ಟು ಒಂದಕ್ಕೊಂದು ಜೋಡಿಸುವ ‘ಮೆಮೆಕ್ಸ್’ ಯಂತ್ರವನ್ನು ಕಲ್ಪಿಸಿದರು. 1968ರಲ್ಲಿ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಪರದೆಯ ಮೇಲೆ ಪಠ್ಯವನ್ನು ಮಡಿಸಿ, ಬಿಡಿಸಿ, ಸರಿಸಿ ತೋರಿಸಿದರು. 1983ರ ‘ಥಿಂಕ್‌ಟ್ಯಾಂಕ್’, 1987ರ ‘ಹೈಪರ್‌ಕಾರ್ಡ್’ ತಂತ್ರಾಂಶಗಳು ಇಂಥ ಜೋಡಣೆಯನ್ನು ಮನೆಯ ಕಂಪ್ಯೂಟರಿಗೆ ತಂದವು.

ಇವುಗಳ ನಡುವೆ ಹೆಚ್ಚಿನವರು ಮರೆಯುವ ಒಂದು ಘಟ್ಟವಿದೆ. ಅಮೆರಿಕದ ಪ್ರಬಂಧಕಾರ ಜಾನ್ ಮ್ಯಾಕ್‌ಫೀ ಟಿಪ್ಪಣಿಗಳನ್ನು ಟೈಪ್ ಮಾಡಿ, ಕತ್ತರಿಯಿಂದ ಕತ್ತರಿಸಿ, ವಿಷಯವಾರು ಫೋಲ್ಡರುಗಳಿಗೆ ಹಾಕುತ್ತಿದ್ದರು. 1984ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹೊವರ್ಡ್ ಸ್ಟ್ರಾಸ್ ಈ ಪದ್ಧತಿಯನ್ನು ಕೂತು ಕೇಳಿ, ಅದನ್ನು ಬದಲಿಸಲು ಹೋಗದೆ, ಅದಕ್ಕೆ ತಕ್ಕ ಪುಟ್ಟ ಪ್ರೋಗ್ರಾಮುಗಳನ್ನು ಬರೆದುಕೊಟ್ಟರು. ಟಿಪ್ಪಣಿಗೆ ಸಂಕೇತ ಹಾಕಿದರೆ ಸಾಕು, ಆಯಾ ಭಾಗ ಬೇರೆ ಬೇರೆ ಕಡತವಾಗುತ್ತಿತ್ತು. ತಂತ್ರಾಂಶ ಹುಟ್ಟಬೇಕಾದದ್ದು ಹೀಗೆ.

ಅದೇ ಮನೋಧರ್ಮದ ಫಲ ‘ಸ್ಕ್ರಿವೆನರ್’ ಎಂಬ ಬರವಣಿಗೆಯ ತಂತ್ರಾಂಶ. ಕಾದಂಬರಿ ಬರೆಯಹೊರಟ ಕೀತ್ ಬ್ಲೌಂಟ್, ತನಗೆ ಬೇಕಾದ ಸಾಧನ ಸಿಗದೆ ತಾನೇ ಪ್ರೋಗ್ರಾಮಿಂಗ್ ಕಲಿತು, 2007ರಲ್ಲಿ ಇದನ್ನು ಮ್ಯಾಕ್‌ಗೆ ಬಿಡುಗಡೆ ಮಾಡಿದರು. ಒಂದೊಂದು ದೃಶ್ಯಕ್ಕೂ ಸಾರಾಂಶದ ಒಂದು ಕಾರ್ಡು. ಕಾರ್ಡನ್ನು ಎಳೆದು ಬೇರೆಡೆ ಇಟ್ಟರೆ ಅದರ ಹಿಂದಿನ ಐದಾರು ಪುಟವೂ ಜತೆಗೇ ಜರುಗುತ್ತದೆ. ಬೇಕಾದ ತುಣುಕುಗಳನ್ನಷ್ಟೇ ಆರಿಸಿ ಒಂದೇ ಹರಿವಿನ ಪಠ್ಯವಾಗಿ ಓದಿ ನೋಡಬಹುದು. ಎರಡು ತುಣುಕುಗಳ ನಡುವಿನ ಬೆಸುಗೆ ಕೂತಿದೆಯೋ ಇಲ್ಲವೋ ತಿಳಿಯುವುದು ಆಗಲೇ. ಬರೆಯುವವರ ಪಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಈ ಕ್ಷೇತ್ರದಲ್ಲಿ ಇನ್ನೂ ಆಗಿಲ್ಲ.

ಈಚಿನ ಟಿಪ್ಪಣಿ ತಂತ್ರಾಂಶಗಳಾದ ‘ರೋಮ್’, ‘ಅಬ್ಸಿಡಿಯನ್’ಗಳ ಒತ್ತು ಟಿಪ್ಪಣಿಗಳನ್ನು ಬೆಸೆಯುವ ಕೊಂಡಿಗಳ ಮೇಲೆ. ಟಿಪ್ಪಣಿಗಳ ಜಾಲ ಚಿತ್ರವಾಗಿ ಕಾಣುವುದು ಚೆಂದವೇ. ಆದರೆ ಯಾವ ಪ್ಯಾರಾ ಮೊದಲು ಬರಬೇಕೆಂದು ಆ ಚಿತ್ರ ಹೇಳುವುದಿಲ್ಲ. ಅಬ್ಸಿಡಿಯನ್ ಎಲ್ಲವನ್ನೂ ಸರಳ ಪಠ್ಯದ ಕಡತಗಳಲ್ಲೇ ಇಡುತ್ತದೆ, ಅದು ನಿಜಕ್ಕೂ ದೊಡ್ಡ ಗುಣ. ಅಧ್ಯಾಯ ಜೋಡಿಸಲು ಮಾತ್ರ ‘ಲಾಂಗ್‌ಫಾರ್ಮ್’ನಂಥ ಹೊರಗಿನವರ ಪ್ಲಗಿನ್ ಹಾಕಿಕೊಳ್ಳಬೇಕು.

ಕನ್ನಡದಲ್ಲಿ ಬರೆಯುವವರಿಗೆ ತೊಡಕು ಇನ್ನೂ ಮೊದಲೇ ಎದುರಾಗುತ್ತದೆ. ಚದುರಿದ ತುಣುಕುಗಳನ್ನು ಜೋಡಿಸಬೇಕಾದರೆ ಮೊದಲು ಅವು ಕೈಗೆ ಸಿಗಬೇಕಲ್ಲ. ‘ಊರು’ ಎಂದು ಹುಡುಕಿದರೆ ‘ಊರಿಗೆ’, ‘ಊರಿನ’ ಇರುವ ಟಿಪ್ಪಣಿಗಳು ಬರುವುದಿಲ್ಲ. ‘ಮರ’ ಎಂದರೆ ‘ಮರಣ’, ‘ಮರಳು’ ಎಲ್ಲ ಬಂದು ಬೀಳುತ್ತವೆ. ಯೂನಿಕೋಡ್‌ಗೆ ಮುಂಚಿನ ‘ನುಡಿ’, ‘ಬರಹ’ ಫಾಂಟುಗಳ ಕಡತಗಳಂತೂ ಪರಿವರ್ತಿಸದ ಹೊರತು ಹುಡುಕಾಟಕ್ಕೆ ದಕ್ಕುವುದೇ ಇಲ್ಲ. ಅಬ್ಸಿಡಿಯನ್‌ಗೆ ಯಾರು ಬೇಕಾದರೂ ಪ್ಲಗಿನ್ ಬರೆಯಬಹುದು. ವಿಭಕ್ತಿ ಪ್ರತ್ಯಯಗಳನ್ನು ಅರಿತು ಹುಡುಕುವ ಒಂದು ಪ್ಲಗಿನ್ನನ್ನು ಕನ್ನಡದ ತಂತ್ರಾಂಶ ತಜ್ಞರು ಬರೆದುಕೊಡಲಿ. ಹೊಸ ಟಿಪ್ಪಣಿ ಆ್ಯಪ್‌ಗಳಿಗಿಂತ ಇದರ ಅಗತ್ಯ ಹೆಚ್ಚು.