ಇಥಿಯೋಪಿಯ: ಉಳುವವನ ಹಕ್ಕು, ಒಡೆಯನ ಕಾನೂನು

ಇಥಿಯೋಪಿಯದಲ್ಲಿ ಹೊಲ ಮಾರುವ ಹಾಗಿಲ್ಲ, ಕೊಳ್ಳುವ ಹಾಗೂ ಇಲ್ಲ. ಜಮೀನು ಸರ್ಕಾರದ್ದು ಮತ್ತು ದೇಶದ ಜನರದ್ದು ಎಂದು 1995ರ ಸಂವಿಧಾನದ 40ನೇ ವಿಧಿ ಹೇಳುತ್ತದೆ. ರೈತನಿಗೆ ದುಡ್ಡು ಕೊಡದೆ ಜಮೀನು ಪಡೆಯುವ ಹಕ್ಕು ಉಂಟು, ಅದರಿಂದ ಒಕ್ಕಲೆಬ್ಬಿಸದಂತೆ ರಕ್ಷಣೆಯೂ ಉಂಟು ಎಂದು ಅದೇ ವಿಧಿ ಮುಂದುವರಿದು ಹೇಳುತ್ತದೆ. ಉಳಬಹುದು, ಬಿತ್ತಬಹುದು, ಮಕ್ಕಳಿಗೆ ಬಿಡಬಹುದು, ಕೆಲವು ವರ್ಷದ ಮಟ್ಟಿಗೆ ಗುತ್ತಿಗೆಗೂ ಕೊಡಬಹುದು. ಕ್ರಯಪತ್ರ ಮಾತ್ರ ಆಗುವುದಿಲ್ಲ.

ಆಫ್ರಿಕದ ಬಹುಪಾಲು ದೇಶಗಳ ಜಮೀನು ಕಾನೂನಿನಲ್ಲಿ ಯೂರೋಪಿನವರ ಕೈವಾಡ ಎದ್ದು ಕಾಣುತ್ತದೆ. ಕೆನ್ಯಾ, ಜಿಂಬಾಬ್ವೆಗಳಲ್ಲಿ ಒಳ್ಳೆಯ ಮಣ್ಣೆಲ್ಲ ಬಿಳಿಯರ ಎಸ್ಟೇಟಾಯಿತು. ಸ್ಥಳೀಯರಿಗೆ ಉಳಿದದ್ದು ಮೀಸಲು ಪ್ರದೇಶ. ಇಥಿಯೋಪಿಯವನ್ನು ಇಟಲಿ 1936ರಿಂದ 1941ರವರೆಗೆ ಹಿಡಿದಿಟ್ಟುಕೊಂಡದ್ದು ಬಿಟ್ಟರೆ ಅದು ಯಾರ ವಸಾಹತೂ ಆಗಲಿಲ್ಲ. ಹಾಗಾಗಿ ಅಲ್ಲಿನ ಜಮೀನಿನ ಜಗಳಗಳೆಲ್ಲ ಬಹುತೇಕ ಅಲ್ಲಿಯವೇ. ಒಡೆಯರು ಹೊರಗಿನವರಾಗಿರಲಿಲ್ಲ ಎಂಬ ಕಾರಣಕ್ಕೆ ಗೇಣಿ ಹಗುರವಾಗಲಿಲ್ಲ ಎಂಬುದೂ ಈ ಇತಿಹಾಸದಿಂದ ತಿಳಿಯುತ್ತದೆ.

ಉತ್ತರದ ಎತ್ತರದ ನಾಡುಗಳಾದ ಗೊಜ್ಜಾಮ್, ಗೊಂಡರ್, ಟಿಗ್ರಾಯ್‌ಗಳಲ್ಲಿ ಹಳೆಯ ಪದ್ಧತಿಯ ಹೆಸರು ರಿಸ್ತ್. ಒಂದು ಸೀಮೆಯಲ್ಲಿ ಮೊದಲು ನೆಲೆ ನಿಂತ ಮೂಲಪುರುಷನ ವಂಶದವರಿಗೆಲ್ಲ ಆ ಸೀಮೆಯ ಮಣ್ಣಿನಲ್ಲಿ ಪಾಲು. ಈ ವಂಶಾವಳಿ ಅಪ್ಪನ ಕಡೆಯಿಂದಲೂ ಸಾಗುತ್ತಿತ್ತು, ಅಮ್ಮನ ಕಡೆಯಿಂದಲೂ ಸಾಗುತ್ತಿತ್ತು, ಹೆಣ್ಣುಮಕ್ಕಳಿಗೂ ಪಾಲಿತ್ತು. ಅಂದಮೇಲೆ ಒಬ್ಬ ರೈತ ತನ್ನ ಅಜ್ಜ, ಅಜ್ಜಿ, ಮುತ್ತಜ್ಜಿಯರ ಲೆಕ್ಕ ಹಿಡಿದು ಹತ್ತಾರು ಊರುಗಳಲ್ಲಿ ಹಕ್ಕು ಕೇಳಬಹುದಿತ್ತು. ಕೇಳಿದವರಿಗೆಲ್ಲ ಸಿಗುತ್ತಿರಲಿಲ್ಲ. ವಂಶಾವಳಿ ಬಾಯಿಪಾಠ ಇದ್ದವನಿಗೆ, ಪಂಚಾಯಿತಿಯಲ್ಲಿ ಮಾತಾಡಬಲ್ಲವನಿಗೆ, ಬೆನ್ನಿಗೆ ನಾಲ್ಕು ಜನ ಇದ್ದವನಿಗೆ ಹೆಚ್ಚು ಸಿಗುತ್ತಿತ್ತು. ವ್ಯಾಜ್ಯಕ್ಕೆ ಕೊನೆಯೇ ಇರಲಿಲ್ಲ. 1973ರಲ್ಲಿ ಪ್ರಕಟವಾದ ಆಲನ್ ಹೋಬನ್ ಎಂಬ ಮಾನವಶಾಸ್ತ್ರಜ್ಞನ ಅಧ್ಯಯನದಲ್ಲಿ ಗೊಜ್ಜಾಮಿನ ಈ ರಿಸ್ತ್ ರಾಜಕಾರಣದ ವಿವರ ತುಂಬಿದೆ. ಇಷ್ಟಾದರೂ ಅಲ್ಲಿ ಪೂರ್ತಿ ನೆಲವಿಲ್ಲದವನು ಅಪರೂಪ. ಈ ಕಾರಣಕ್ಕೇ ರೈತರು ರಿಸ್ತನ್ನು ಪ್ರಾಣದಂತೆ ಕಾಯ್ದುಕೊಂಡರು.

ರಿಸ್ತ್‌ನ ಮೇಲೆ ಕೂತದ್ದು ಗುಲ್ತ್. ನಮ್ಮಲ್ಲಿನ ಜಹಗೀರು, ಉಂಬಳಿಗಳಿಗೆ ಹತ್ತಿರದ್ದು. ಚಕ್ರವರ್ತಿ ಒಬ್ಬ ಸರದಾರನಿಗೋ ಚರ್ಚಿಗೋ ಒಂದು ಸೀಮೆಯ ಕಂದಾಯ ಎತ್ತುವ ಅಧಿಕಾರ ಬರೆದುಕೊಡುತ್ತಿದ್ದ. ಮಣ್ಣು ರೈತನ ಪಾಲಿನದ್ದೇ. ಆದರೆ ಬೆಳೆಯಲ್ಲಿ ಒಂದಂಶ, ಜೊತೆಗೆ ಬಿಟ್ಟಿ ಚಾಕರಿ, ಗುಲ್ತ್ ಹಿಡಿದವನಿಗೆ.

ದಕ್ಷಿಣದ ಕತೆ ಬೇರೆ. 19ನೇ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಎರಡನೇ ಮೆನೆಲಿಕ್ ಒರೊಮೊ, ಸಿದಾಮ, ವೊಲೈತ ಮೊದಲಾದ ಜನರ ನಾಡುಗಳನ್ನು ಗೆದ್ದ. ಸೈನಿಕರಿಗೆ ಸಂಬಳ ಕೊಡಲು ಹಣವಿರಲಿಲ್ಲ, ನೆಲವಿತ್ತು. ಅದನ್ನು ಹಗ್ಗ ಹಿಡಿದು ಅಳೆದರು. ಹಗ್ಗಕ್ಕೆ ಕಲಾದ್ ಎಂದು ಹೆಸರು. ಅಳೆದ ಜಮೀನಿಗೂ ಅದೇ ಹೆಸರು ಅಂಟಿತು. ಅಳತೆಯ ಘಟಕ ಗಾಶಾ, ಅಂದರೆ ಗುರಾಣಿ. ಸುಮಾರು 40 ಹೆಕ್ಟೇರ್. ನಮ್ಮ ಶ್ಯಾನುಭೋಗರು ತರಿ, ಖುಷ್ಕಿ, ಬಂಜರು ಎಂದು ಬರೆದುಕೊಂಡ ಹಾಗೆ ಅವರೂ ಮಣ್ಣನ್ನು ಮೂರು ದರ್ಜೆ ಮಾಡಿದರು. ಊರ ಹಳೆಯ ಮುಖಂಡನಾದ ಬಾಲಬ್ಬಾತ್‌ನಿಗೆ ಮೂರರಲ್ಲೊಂದು ಪಾಲು ಬಿಟ್ಟು, ಉಳಿದದ್ದನ್ನು ಸೈನಿಕರಿಗೆ, ಅಧಿಕಾರಿಗಳಿಗೆ, ಚರ್ಚಿಗೆ ಹಂಚಿದರು. ಬಂದೂಕು ಹಿಡಿದು ಬಂದ ಈ ಹೊಸ ಒಡೆಯರನ್ನು ಜನ ಕರೆದದ್ದು ನೆಫ್ತೆನ್ಯ, ಅಂದರೆ ಬಂದೂಕಿನವನು. ನಿನ್ನೆಯವರೆಗೆ ಅಲ್ಲೇ ಉತ್ತವನು ಗೆಬ್ಬಾರ್ ಆದ. ಒಡೆಯನಿಗೆ ಧಾನ್ಯ, ಜೇನು, ಸೌದೆ ಹೊತ್ತುಕೊಂಡು ಹೋಗುವವನು. ಮುಂದಿನ ತಲೆಮಾರಿನಲ್ಲಿ ಅವನು ಬರೀ ಗೇಣಿದಾರ. ಕಾಲುಪಾಲಿಗೆ ಎರ್ಬೊ, ಮೂರರಲ್ಲೊಂದಕ್ಕೆ ಸಿಸೊ, ಅರೆಪಾಲಿಗೆ ಎಕುಲ್. ಎತ್ತು, ಬೀಜ ಒಡೆಯನದಾದರೆ ಗೇಣಿ ಇನ್ನೂ ಏರುತ್ತಿತ್ತು.

ಅಳತೆಯ ಹಗ್ಗ ಉತ್ತರಕ್ಕೆ ಬಂದಾಗ ಅಲ್ಲಿನ ರೈತ ಬಂದೂಕು ಎತ್ತಿದ. ಇಟಲಿಯವರು ಹೋದ ಮೇಲೆ ಚಕ್ರವರ್ತಿ ಹೈಲೆ ಸೆಲಾಸಿಯ ಸರ್ಕಾರ ಕಂದಾಯವನ್ನು ನಗದಿನಲ್ಲಿ ವಸೂಲಿ ಮಾಡಲು ಹೊರಟಾಗಲೇ ಗೊಜ್ಜಾಮಿನಲ್ಲಿ ಗಲಾಟೆ ಎದ್ದಿತ್ತು. 1967ರಲ್ಲಿ ಕೃಷಿ ಆದಾಯ ತೆರಿಗೆ ಬಂತು. ಬೆಳೆಯ ಅಂದಾಜಿಗೆ ಅಧಿಕಾರಿಗಳು ಬರುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಇವತ್ತು ಬೆಳೆ ಅಳೆಯುವವರು ನಾಳೆ ನೆಲ ಅಳೆಯುತ್ತಾರೆ, ಅಳೆದ ನೆಲ ದಕ್ಷಿಣದವರ ನೆಲದಂತೆ ಕೈಬಿಡುತ್ತದೆ ಎಂದು ರೈತರು ಲೆಕ್ಕ ಹಾಕಿದರು. 1968ರಲ್ಲಿ ಗೊಜ್ಜಾಮ್ ದಂಗೆ ಎದ್ದಿತು. ಸರ್ಕಾರ ವಿಮಾನದಿಂದ ಬಾಂಬು ಹಾಕಿಸಿತು. ಆಮೇಲೆ ಚಕ್ರವರ್ತಿಯೇ ಮೆತ್ತಗಾಗಿ ರಾಜ್ಯಪಾಲನನ್ನು ಬದಲಿಸಿ ಹಳೆಯ ಬಾಕಿ ಮನ್ನಾ ಮಾಡಬೇಕಾಯಿತು. ಸುಧಾರಣೆಗೆ ರೈತನೇ ಅಡ್ಡ ಬಂದ ಎಂದು ರಾಜಧಾನಿಯ ಅಧಿಕಾರಿಗಳು ಗೊಣಗಿದರು. ದಕ್ಷಿಣದಲ್ಲಿ ಏನಾಯಿತು ಎಂದು ನೋಡಿದ್ದ ರೈತನ ಅನುಮಾನ ಸುಳ್ಳೇನೂ ಆಗಿರಲಿಲ್ಲ.

ಅದೇ ಹೊತ್ತಿಗೆ ದಕ್ಷಿಣದ ಆರ್ಸಿ ಸೀಮೆಯ ಚಿಲಾಲೊದಲ್ಲಿ ಸ್ವೀಡನ್ ನೆರವಿನ ಯೋಜನೆಯೊಂದು ಶುರುವಾಯಿತು. ಒಳ್ಳೆಯ ಬೀಜ, ಗೊಬ್ಬರ, ಸಾಲ; ಉದ್ದೇಶ ಸಣ್ಣ ರೈತರ ಉದ್ಧಾರ. ಗೋಧಿಯ ಇಳುವರಿ ಏರಿತು. ಇಳುವರಿ ಏರಿದ ನೆಲದ ಮೇಲೆ ಒಡೆಯರ ಕಣ್ಣು ಬಿತ್ತು. ಅವರು ಟ್ರ್ಯಾಕ್ಟರ್ ತಂದರು, ಗೇಣಿದಾರರನ್ನು ಎಬ್ಬಿಸಿದರು. ಗೇಣಿ ಕಾನೂನು ತರುತ್ತೇವೆಂದು ಸರ್ಕಾರ ಸ್ವೀಡನ್ನಿಗೆ ಮಾತು ಕೊಟ್ಟಿತ್ತು. ಮಸೂದೆ ಸಂಸತ್ತಿಗೆ ಹೋಯಿತು; ಅಲ್ಲಿ ಕೂತಿದ್ದವರೇ ಜಮೀನ್ದಾರರು. ಮಸೂದೆ ಅಲ್ಲೇ ಕೊಳೆಯಿತು.

1965ರ ಫೆಬ್ರವರಿಯಲ್ಲೇ ಆಡಿಸ್ ಅಬಾಬದ ವಿದ್ಯಾರ್ಥಿಗಳು ಸಂಸತ್ತಿನ ಮುಂದೆ ‘ಮೆರೆತ್ ಲೆ ಆರಾಶು’ ಎಂದು ಕೂಗಿದ್ದರು: ಉಳುವವನಿಗೆ ನೆಲ. ಆ ಕೂಗು ಸಾಮ್ರಾಜ್ಯವನ್ನೇ ನುಂಗಿತು. 1973ರ ವೊಲ್ಲೊ ಬರಗಾಲ, ಮರುವರ್ಷ ಸೈನ್ಯದ ಬಂಡಾಯ, ಚಕ್ರವರ್ತಿಯ ಪದಚ್ಯುತಿ ಒಂದರ ಹಿಂದೆ ಒಂದು ಬಂದವು. ಅಧಿಕಾರ ಹಿಡಿದ ಸೈನಿಕ ಸಮಿತಿ ದೆರ್ಗ್ 1975ರ ಮಾರ್ಚ್ 4ರಂದು ಕಾನೂನು ಹೊರಡಿಸಿತು. ಗ್ರಾಮೀಣ ಜಮೀನೆಲ್ಲ ಜನರ ಸಾಮೂಹಿಕ ಆಸ್ತಿ, ಗೇಣಿ ರದ್ದು, ಒಡೆಯನಿಗೆ ನೆಲದ ಪರಿಹಾರವಿಲ್ಲ. ಒಂದು ಕುಟುಂಬಕ್ಕೆ ಹೆಚ್ಚೆಂದರೆ 10 ಹೆಕ್ಟೇರ್. ಮಾರಾಟ, ಒತ್ತೆ, ಗುತ್ತಿಗೆ ನಿಷಿದ್ಧ. ವಿಧವೆಯರು, ಕಾಯಿಲೆಯವರು, ಮುದುಕರಂಥವರನ್ನು ಬಿಟ್ಟು ಯಾರೂ ಕೂಲಿಯಾಳು ಇಟ್ಟುಕೊಳ್ಳುವಂತಿಲ್ಲ. ಹಂಚುವ ಕೆಲಸ ರೈತ ಸಂಘಗಳದ್ದು. ಒಂದು ಸಂಘಕ್ಕೆ ಕನಿಷ್ಠ 800 ಹೆಕ್ಟೇರ್, ಅಂದರೆ ಹಳೇ ಲೆಕ್ಕದ 20 ಗಾಶಾ. ಹಗ್ಗದ ಅಳತೆ ಕ್ರಾಂತಿಯ ಕಾನೂನಿನೊಳಗೂ ನುಸುಳಿತ್ತು. ಸುಮಾರು 60 ಸಾವಿರ ವಿದ್ಯಾರ್ಥಿಗಳು, ಶಿಕ್ಷಕರನ್ನು ಈ ಕಾನೂನು ತಿಳಿಸಲು ಹಳ್ಳಿಗಳಿಗೆ ಕಳಿಸಿದರು.

ಕನ್ನಡ ಓದುಗರಿಗೆ ಈ ತಾರೀಖು ಎಲ್ಲೋ ತಾಕಬೇಕು. ದೇವರಾಜ ಅರಸರ ಸರ್ಕಾರದ ಭೂ ಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ಒಂದು ವರ್ಷ ಮೂರು ದಿನ ಮೊದಲು. ಕಾಗೋಡಿನ ರೈತ ಸತ್ಯಾಗ್ರಹದ ಕಾಲದಿಂದ ನಾವು ಕೇಳಿದ ‘ಉಳುವವನೇ ಹೊಲದೊಡೆಯ’ ಅದೇ ಕೂಗು. ಆದರೆ ಇಲ್ಲಿನ ಗೇಣಿದಾರ ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಗೆದ್ದರೆ ಖಾತೆ ಅವನ ಹೆಸರಿಗಾಗುತ್ತಿತ್ತು. ಅಲ್ಲಿನ ಗೇಣಿದಾರನ ಒಡೆಯ ಹೋದ, ಆ ಜಾಗಕ್ಕೆ ಸರ್ಕಾರ ಬಂತು.

ಈ ವ್ಯತ್ಯಾಸ ಏನೆಂದು ಹತ್ತೇ ವರ್ಷದಲ್ಲಿ ತಿಳಿಯಿತು. ಧಾನ್ಯದ ಒಂದು ಭಾಗವನ್ನು ಸರ್ಕಾರ ಹೇಳಿದ ಬೆಲೆಗೆ ಸರ್ಕಾರಕ್ಕೇ ಮಾರಬೇಕಾಯಿತು. 1984ರ ಬರಗಾಲದ ನಂತರ ಉತ್ತರದ ಸುಮಾರು 6 ಲಕ್ಷ ಜನರನ್ನು ನೈಋತ್ಯದ ಕಾಡುಸೀಮೆಗಳಿಗೆ ಸಾಗಿಸಿದರು. 1985ರಿಂದ ಚದುರಿದ ಮನೆಗಳನ್ನು ಕಿತ್ತು ಸಾಲುಮನೆಗಳ ಹೊಸ ಹಳ್ಳಿ ಕಟ್ಟುವ ಯೋಜನೆ ಬಂತು. ಕೋಟಿಗೂ ಹೆಚ್ಚು ಜನ ಎದ್ದುಹೋಗಬೇಕಾಯಿತು. ಹೊಸಬರಿಗೆ ಕೊಡಲು ಹೊಲಗಳನ್ನು ಮತ್ತೆ ಮತ್ತೆ ಹಂಚಿದ್ದರಿಂದ, ಗೊಬ್ಬರ ಹಾಕಿ ಕಲ್ಲು ಆಯ್ದ ಹೊಲ ಮುಂದಿನ ಹಂಗಾಮಿಗೆ ತನ್ನದೇ ಇರುತ್ತದೆಂಬ ನಂಬಿಕೆ ಯಾರಿಗೂ ಉಳಿಯಲಿಲ್ಲ.

1991ರಲ್ಲಿ ದೆರ್ಗ್ ಬಿತ್ತು. ಬಂದ ಸರ್ಕಾರ ಬಹಳಷ್ಟನ್ನು ಬದಲಿಸಿತು, ಜಮೀನಿನ ಒಡೆತನ ಮಾತ್ರ ಬಿಟ್ಟುಕೊಡಲಿಲ್ಲ. ಅದರ ವಾದ ಹೀಗೆ: ಮಾರಾಟಕ್ಕೆ ಬಿಟ್ಟರೆ ಒಂದು ಬರ ಬಂದಾಗ ಬಡವ ಹೊಲ ಮಾರಿ ಪೇಟೆಯ ಬೀದಿಗೆ ಬೀಳುತ್ತಾನೆ. ಈ ಭಯಕ್ಕೆ ಆಧಾರವಿದೆ. ಆದರೆ ಹೊಲ ಕೊಡುವ, ಕಿತ್ತುಕೊಳ್ಳುವ ಅಧಿಕಾರ ಒಬ್ಬರ ಕೈಯಲ್ಲೇ ಇದ್ದರೆ ರೈತ ಆ ಕೈಗೆ ಹೆದರಿಯೇ ಬದುಕಬೇಕಾಗುತ್ತದೆ ಎಂದು ದೆಸಲೆನ್ ರಹ್ಮಾತೊರಂಥ ವಿದ್ವಾಂಸರು ದಶಕಗಳಿಂದ ಬರೆದಿದ್ದಾರೆ. 1997ರಲ್ಲಿ ಅಮ್ಹಾರ ಪ್ರಾಂತ್ಯದ ಮರುಹಂಚಿಕೆ ಅವರ ಮಾತನ್ನು ನಿಜ ಮಾಡಿತು. ಹಿಂದಿನ ಸರ್ಕಾರದಲ್ಲಿ ಸಂಘದ ಪದಾಧಿಕಾರಿಗಳಾಗಿದ್ದವರಿಗೆ ‘ಬಿರೊಕ್ರಾಟ್’ ಎಂಬ ಹಣೆಪಟ್ಟಿ ಹಚ್ಚಿ, ಒಂದೇ ಹೆಕ್ಟೇರ್ ಉಳಿಸಿ ಮಿಕ್ಕಿದ್ದು ಕಿತ್ತುಕೊಂಡರು. ಅಲ್ಲಿಯವರ ಲೆಕ್ಕದಲ್ಲಿ ಅದು ನಾಲ್ಕು ತಿಮಾದ್. ಒಂದು ಜೊತೆ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲಕ್ಕೆ ಒಂದು ತಿಮಾದ್.

ಇದಕ್ಕೆ ಮದ್ದು ಎಂದು ಬಂದದ್ದು ಪ್ರಮಾಣಪತ್ರ. ಟಿಗ್ರಾಯ್‌ನಲ್ಲಿ 1998ರಲ್ಲಿ ಶುರುವಾಗಿ, ಕೆಲವು ವರ್ಷಗಳ ನಂತರ ಅಮ್ಹಾರ, ಒರೊಮಿಯ, ದಕ್ಷಿಣದ ಪ್ರಾಂತ್ಯಗಳಿಗೆ ಹಬ್ಬಿತು. ಊರವರೇ ಆರಿಸಿದ ಸಮಿತಿ ಹೊಲಕ್ಕೆ ಬರುತ್ತದೆ. ನಾಲ್ಕೂ ಕಡೆಯ ಹೊಲದವರು ಬದುವಿನ ಮೇಲೆ ನಿಲ್ಲುತ್ತಾರೆ. ಹಗ್ಗ ಎಳೆಯುತ್ತಾರೆ, ತಕರಾರಿದ್ದರೆ ಹಿರಿಯರು ಅಲ್ಲೇ ತೀರಿಸುತ್ತಾರೆ. ನಕ್ಷೆಯಿಲ್ಲ. ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಎಂದು ಹೆಸರು ಬರೆಯುತ್ತಾರೆ. ನಮ್ಮ ಹಳೆಯ ಪತ್ರಗಳ ಚಕ್ಕುಬಂದಿಯೇ. ಮೂರು ತಲೆಮಾರು ಜನ ಹೆದರಿದ್ದ ಹಗ್ಗ ಈ ಸಲ ಅವರ ಪರವಾಗಿ ಬಂದಿತ್ತು. ತುಂಡಿಗೆ ಒಂದು ಡಾಲರ್ ಆಸುಪಾಸಿನ ಖರ್ಚಿನಲ್ಲಿ, ಕೆಲವೇ ವರ್ಷಗಳಲ್ಲಿ ಸುಮಾರು 60 ಲಕ್ಷ ಕುಟುಂಬಗಳ 2 ಕೋಟಿ ತುಂಡುಗಳು ದಾಖಲಾದವು. ಆಫ್ರಿಕದಲ್ಲಿ ಇಷ್ಟು ಅಗ್ಗವಾಗಿ, ಇಷ್ಟು ಬೇಗ ನಡೆದ ಇಂಥ ಕೆಲಸ ಇನ್ನೊಂದಿಲ್ಲ ಎನ್ನಬಹುದು.

ಇದರಲ್ಲಿ ಹೆಂಗಸರಿಗೆ ಸಿಕ್ಕಿದ್ದು ದೊಡ್ಡದು. ಟಿಗ್ರಾಯ್‌ನ ಮೊದಲ ಪತ್ರಗಳಲ್ಲಿ ಮನೆಯ ಯಜಮಾನನ ಹೆಸರಷ್ಟೇ ಇತ್ತು. ಅಮ್ಹಾರದ ಹಸಿರು ಪುಸ್ತಕದಲ್ಲಿ ಗಂಡ ಹೆಂಡಿರಿಬ್ಬರ ಹೆಸರೂ ಫೋಟೋನೂ ಬಂದವು. ಸೋಡಚೀಟಿ ಆದರೂ, ಗಂಡ ಸತ್ತರೂ ಅವಳು ಪುಸ್ತಕ ಹಿಡಿದು ಕೆಬೆಲೆ ಎಂಬ ಸ್ಥಳೀಯ ಆಡಳಿತದ ಕಚೇರಿಗೆ ಹೋಗಬಹುದು. ಆದರೆ ಮರೆಶಾ ಎಂಬ ಅಲ್ಲಿನ ನೇಗಿಲನ್ನು ಹೆಂಗಸರು ಹಿಡಿಯುವ ರೂಢಿ ಇಲ್ಲ. ಎತ್ತೂ ಇಲ್ಲದ, ದುಡಿಯುವ ಮಗನೂ ಇಲ್ಲದ ವಿಧವೆ ಹೊಲವನ್ನು ಎಕುಲ್‌ಗೆ ಕೊಡಬೇಕು, ಅಂದರೆ ಅರೆಪಾಲಿಗೆ. ಹಕ್ಕು ಅವಳದು, ಬೆಳೆಯಲ್ಲಿ ಅರ್ಧ ಉತ್ತವನದು.

ಪ್ರಮಾಣಪತ್ರ ಎತ್ತರದ ನಾಡಿನ ಉಳುಮೆಯ ಹೊಲಗಳಿಗೆ ಹೇಳಿ ಮಾಡಿಸಿದ್ದು. ದಕ್ಷಿಣ ಸುಡಾನ್ ಗಡಿಯತ್ತ ತಗ್ಗಿನಲ್ಲಿರುವ ಗಾಂಬೆಲ್ಲಕ್ಕೆ ಅದು ಹೋಗಲಿಲ್ಲ. ಅಲ್ಲಿ ಬಾರೊ ನದಿಯ ದಂಡೆಯ ಅನುವಾಕ್ ಜನ ಜೋಳ, ಮೆಕ್ಕೆಜೋಳ ಬೆಳೆಯುತ್ತಾರೆ. ನಾಲ್ಕಾರು ವರ್ಷಕ್ಕೆ ಹೊಲ ಬೀಳು ಬಿಟ್ಟು ಬೇರೆ ಕಡೆ ಬಿತ್ತುತ್ತಾರೆ. ಈ ಬೀಳು ಅಧಿಕಾರಿಗಳ ಕಣ್ಣಿಗೆ ಖಾಲಿ ಜಾಗ. 2008ರ ಆಹಾರ ಬೆಲೆ ಏರಿಕೆಯ ಹೊತ್ತಿಗೆ ಸರ್ಕಾರ ಇಂಥ ಲಕ್ಷಾಂತರ ಹೆಕ್ಟೇರನ್ನು ಹೊರದೇಶದ ಹೂಡಿಕೆದಾರರಿಗೆ ತೆರೆಯಿತು.

ಬಂದವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಬೆಂಗಳೂರಿನದು. ಗುಲಾಬಿ ರಫ್ತಿನಲ್ಲಿ ಹೆಸರು ಮಾಡಿದ್ದ ಕರುತುರಿ ಗ್ಲೋಬಲ್ ಗಾಂಬೆಲ್ಲದಲ್ಲಿ ಮೊದಲು ಮಾತಾಡಿದ್ದು 3 ಲಕ್ಷ ಹೆಕ್ಟೇರಿಗೆ. ಬೆಂಗಳೂರು ನಗರ ಜಿಲ್ಲೆಗಿಂತ ದೊಡ್ಡ ಜಾಗ. 2010ರ ಒಪ್ಪಂದದಲ್ಲಿ ಕೈಗೆ ಬಂದದ್ದು 1 ಲಕ್ಷ ಹೆಕ್ಟೇರ್, 50 ವರ್ಷಕ್ಕೆ. ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್. ಆಗಿನ ನಮ್ಮ ಲೆಕ್ಕದಲ್ಲಿ ಎರಡೂವರೆ ಎಕರೆಗೆ ಐವತ್ತು ಅರವತ್ತು ರೂಪಾಯಿ. ಅದೇ ಸಮಯದಲ್ಲಿ ಸರ್ಕಾರ ಗಾಂಬೆಲ್ಲದ 45 ಸಾವಿರ ಕುಟುಂಬಗಳನ್ನು ಹೊಸ ಹಳ್ಳಿಗಳಿಗೆ ಸಾಗಿಸಲು ಹೊರಟಿತು. ಶಾಲೆ, ಆಸ್ಪತ್ರೆ ಕೊಡಲು ಎಂದು ಸರ್ಕಾರ ಹೇಳಿತು. ಬಲವಂತದ ಸಾಗಾಟ ಎಂದು 2012ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು. ಗುತ್ತಿಗೆಗೂ ಈ ಸಾಗಾಟಕ್ಕೂ ಸಂಬಂಧವಿಲ್ಲ ಎಂಬುದು ಸರ್ಕಾರದ ನಿಲುವು.

ಬಯಲು ತಾನೇ ಒಂದು ಉತ್ತರ ಕೊಟ್ಟಿತು. 2011ರಲ್ಲಿ ಬಾರೊ ಉಕ್ಕಿ ಕಂಪನಿಯ ಮೆಕ್ಕೆಜೋಳ ಮುಳುಗಿತು. ಹೊಳೆಯ ದಂಡೆಯಲ್ಲಿ ಅನುವಾಕ್ ಜನ ನೀರಿಳಿದ ಮೇಲೆ ಬಿತ್ತುವುದು ಸುಮ್ಮನೆ ಅಲ್ಲ. 2015ರ ಡಿಸೆಂಬರಿನಲ್ಲಿ ಸರ್ಕಾರ ಗುತ್ತಿಗೆ ರದ್ದು ಮಾಡಿತು; ಐದು ವರ್ಷದಲ್ಲಿ ಸಾಗುವಳಿಗೆ ತಂದದ್ದು 1,200 ಹೆಕ್ಟೇರ್ ಮಾತ್ರ ಎಂದು ಕಾರಣ ಕೊಟ್ಟಿತು. ಕೊಟ್ಟದ್ದೂ ಸರ್ಕಾರ, ಕಿತ್ತುಕೊಂಡದ್ದೂ ಸರ್ಕಾರ. ಎರಡೂ ಸಲ ಅನುವಾಕ್ ಜನರನ್ನು ಕೇಳುವ ಅಗತ್ಯ ಕಾನೂನಿಗೆ ಬೀಳಲಿಲ್ಲ.

ಎತ್ತರದ ನಾಡಿನಲ್ಲಿ ಈಗಿನ ತಗಾದೆ ಮಕ್ಕಳದು. ಹದಿನೆಂಟು ತುಂಬಿದ, ಬೇಸಾಯ ಮಾಡಬಯಸುವ ಯಾರಿಗೂ ಜಮೀನು ಕೇಳುವ ಹಕ್ಕುಂಟು. ಕೊಡಲು ನೆಲವಿಲ್ಲ. ಅಮ್ಹಾರದಲ್ಲಿ 1997ರ ನಂತರ, ಟಿಗ್ರಾಯ್‌ನಲ್ಲಿ 1991ರ ನಂತರ ದೊಡ್ಡ ಹಂಚಿಕೆ ನಡೆದಿಲ್ಲ. ಸರಾಸರಿ ಹಿಡುವಳಿ ಒಂದು ಹೆಕ್ಟೇರಿನ ಆಸುಪಾಸು. ಹೊಲ ಚೂರುಚೂರಾಗದಿರಲಿ ಎಂದು ಒರೊಮಿಯದ ಕಾನೂನು ವಾರ್ಷಿಕ ಬೆಳೆಯ ಹೊಲವನ್ನು ಅರ್ಧ ಹೆಕ್ಟೇರಿಗಿಂತ ಕೆಳಗೆ ಒಡೆಯಬಾರದೆಂದು ಹೇಳುತ್ತದೆ. ಹಾಗೆಂದು ಅಣ್ಣತಮ್ಮಂದಿರು ಪಾಲು ಕೇಳುವುದು ನಿಲ್ಲುತ್ತದೆಯೆ? ಎರಡನೇ ಸುತ್ತಿನ ದಾಖಲೆಗೆ ಬಂದ ಸರ್ವೆಯವರು ಆಕಾಶದಿಂದ ತೆಗೆದ ಚಿತ್ರವನ್ನು ಹರಡಿ, ಊರವರು ಬೆರಳಿಟ್ಟು ತೋರಿಸಿದ ಕಡೆ ಗೆರೆ ಎಳೆಯುತ್ತಾರೆ. ಅಪ್ಪನ ಹೆಸರಿನ ಒಂದೇ ತುಂಡಿನೊಳಗೆ ಮಕ್ಕಳು ತಮ್ಮತಮ್ಮಲ್ಲೇ ಹಾಕಿಕೊಂಡ ಬದುಗಳಿಗೆ ಆ ಹಾಳೆಯಲ್ಲಿ ಗೆರೆ ಇರುವುದಿಲ್ಲ.